ಹಳದಿ ತೆಗೆದ ಫೋಟೋ

ಅಳದ ಮಗುವನ್ನು ನಾನು ನಂಬುವುದಿಲ್ಲ. ಬಂದವರೆಲ್ಲ "ಎಂಥ ಒಳ್ಳೆ ಮಗು" ಎಂದು ಹೊಗಳಲಿ, ನನಗೆ ಒಳಗೊಳಗೇ ಕಸಿವಿಸಿ. ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡುತ್ತಲೇ ಕೂದಲು ಬೆಳ್ಳಗೆ ಮಾಡಿಕೊಂಡವಳು ನಾನು. ಬೋಗಿಯೊಳಗೆ ಕಾಲಿಟ್ಟ ಕೂಡಲೇ ನನ್ನ ಕಣ್ಣು ಹೋಗುತ್ತಿದ್ದುದು ಕಿಟಕಿಗೆ ತಲೆಯಾನಿಸಿ ಗಾಢ ನಿದ್ದೆಯಲ್ಲಿರುವವರ ಕಡೆಗೆ. ಟಿಕೆಟ್ ಇದ್ದವರು ತೂಕಡಿಸುತ್ತಾರೆ. ಇಲ್ಲದವರು ನಿದ್ದೆ ಮಾಡುತ್ತಾರೆ, ಅದೂ ಎಬ್ಬಿಸಲು ಮನಸ್ಸು ಬಾರದಷ್ಟು ಚೆನ್ನಾಗಿ.

ನನ್ನ ಮಗಳ ಮಗು ಹಾಗೇ ನಿದ್ದೆ ಮಾಡುತ್ತಿತ್ತು. ಆಸ್ಪತ್ರೆಯಿಂದ ಮನೆಗೆ ಬಂದ ದಿನ ಕಿರುಚಿ ಮನೆ ತಲೆಕೆಳಗು ಮಾಡಿದ್ದ ಪೋರ, ಆಮೇಲೆ ಗಪ್‌ಚಿಪ್ಪಾಗಿಬಿಟ್ಟ. ಹಾಲಿಗೆ ಹಿಡಿದರೆ ನಾಲ್ಕು ಗುಟುಕು ಎಳೆದು ಬಾಯಿ ಬಿಟ್ಟುಬಿಡುತ್ತಿದ್ದ. ಕೆನ್ನೆ ತಟ್ಟಿದರೆ ಹುಬ್ಬು ಗಂಟಿಕ್ಕಿ, ಇದ್ಯಾರು ಪೀಡೆ ಎನ್ನುವ ಹಾಗೆ ಮುಖ ಮಾಡಿ, ಮತ್ತೆ ಮಲಗುತ್ತಿದ್ದ. ಹೊಟ್ಟೆ ಕೊಯ್ದು ಮಾಡಿದ ಹೆರಿಗೆ. ಮಗಳಿಗೆ ಒಂದಿಷ್ಟು ಕಣ್ಣು ಮುಚ್ಚಿದರೆ ಸಾಕಾಗಿತ್ತು.

"ನೋಡಮ್ಮ, ನನಗೆ ತೊಂದ್ರೆ ಕೊಡಬಾರ್ದು ಅಂತ ಅವನಿಗೇ ಗೊತ್ತು," ಎನ್ನುತ್ತಿದ್ದಳು.

ನಾನು ಅವನಿಗೆ ಪ್ಯಾಸೆಂಜರ್ ಎಂದು ಹೆಸರಿಟ್ಟಿದ್ದೆ. "ಏ ಪ್ಯಾಸೆಂಜರ್, ಏಳಪ್ಪ, ಚೆಕಿಂಗ್ ಬಂದಿದೆ," ಎಂದು ಅಂಗಾಲಿಗೆ ಬೆರಳಿಂದ ಗೀರಿದರೂ ಏಳುತ್ತಿರಲಿಲ್ಲ. ಕಾಲನ್ನು ಸ್ವಲ್ಪ ಒಳಗೆಳೆದುಕೊಳ್ಳುತ್ತಿದ್ದ, ಅಷ್ಟೇ.

ಆಮೇಲೆ ಬಣ್ಣ. ಮಗಳ ಕೋಣೆಯ ಕಿಟಕಿಗೆ ಹಳದಿ ಬಟ್ಟೆಯ ಪರದೆ ಹಾಕಿದ್ದರು. ಬಿಸಿಲೇರಿದ ಮೇಲೆ ಆ ಕೋಣೆಯಲ್ಲಿ ಗೋಡೆ, ಹಾಸಿಗೆ, ನನ್ನ ಕೈ ಎಲ್ಲವೂ ಅರಿಸಿನದ ನೀರಲ್ಲಿ ಅದ್ದಿ ತೆಗೆದ ಹಾಗೆ. ಮಗುವೂ ಹಾಗೇ ಕಾಣುತ್ತಿತ್ತು. ಪರದೆಯ ಹಳದಿ ಯಾವುದು, ಮಗುವಿನ ಹಳದಿ ಯಾವುದು ಎಂದು ಹೇಳುವವರು ಯಾರು? ಪರದೆ ತೆಗೆಯೋಣ ಎಂದರೆ ಎದುರು ಮನೆಯ ಬಾಲ್ಕನಿಯಿಂದ ಎಲ್ಲ ಕಾಣುತ್ತದೆ ಎಂದು ಮಗಳ ತಕರಾರು.

ಒಂದು ಬೆಳಿಗ್ಗೆ ಅವಳು ಸ್ನಾನಕ್ಕೆ ಹೋದಾಗ ಮಗುವನ್ನೆತ್ತಿಕೊಂಡು ಮೆಟ್ಟಿಲ ಹತ್ತಿರದ ಕಿಟಕಿಗೆ ಒಯ್ದೆ. ಅಲ್ಲಿ ಪರದೆ ಇಲ್ಲ. ಮೂಗಿನ ತುದಿಯನ್ನು ಬೆರಳಿಂದ ಒತ್ತಿ ಬಿಟ್ಟು ನೋಡಿದೆ. ಹಾಗೆ ಒತ್ತಿ ನೋಡಿ ಎಂದು ಆಸ್ಪತ್ರೆಯ ಸಿಸ್ಟರ್ ಹೊರಡುವಾಗ ಹೇಳಿಕೊಟ್ಟಿದ್ದರು. ಒತ್ತಿದ ಜಾಗ ಬಿಳಿಯಾಗಲಿಲ್ಲ, ಹಳದಿಯಾಯಿತು. ಎದೆಯ ಮೇಲೂ ಹಾಗೇ. ಮೊಣಕಾಲಿನ ಕೆಳಗೂ ಹಾಗೇ. ಕಣ್ಣು ನೋಡೋಣವೆಂದರೆ ಆ ಪುಣ್ಯಾತ್ಮ ಕಣ್ಣು ಬಿಟ್ಟರೆ ತಾನೆ.

"ಮಗು ಹಳದಿಯಾಗಿದೆ," ಎಂದೆ ಮಗಳಿಗೆ.

"ಸಿಸ್ಟರ್ ದಿನಾ ನೋಡ್ತಾ ಇದ್ದಾರಲ್ಲಮ್ಮ. ನಿಂದು ಕಾಮಾಲೆ ಕಣ್ಣು. ಎಲ್ಲದರಲ್ಲೂ ಹುಳುಕು."

ಸಿಸ್ಟರ್ ದಿನಾ ನೋಡುತ್ತಿದ್ದುದು ಮಗುವನ್ನಲ್ಲ, ಫೋಟೋವನ್ನು. ಹೊಲಿಗೆ ಹಾಕಿಸಿಕೊಂಡವಳು ಮನೆಯ ಕಡಿದಾದ ಮೆಟ್ಟಿಲು ಹತ್ತಿಳಿದು ಮತ್ತೆ ಆಸ್ಪತ್ರೆಗೆ ಬರುವುದು ಕಷ್ಟವೆಂದು ಅಳಿಯ ಹೇಳಿದ್ದಕ್ಕೆ, ಹಾಗಾದರೆ ಹಗಲು ಬೆಳಕಿನಲ್ಲಿ ದಿನಕ್ಕೊಂದು ಫೋಟೋ ತೆಗೆದು ಕಳಿಸಿ, ಅನುಮಾನ ಬಂದರೆ ಮಾತ್ರ ತಕ್ಷಣ ಕರೆದುಕೊಂಡು ಬನ್ನಿ ಎಂದು ಅವರು ಒಪ್ಪಿದ್ದರು. ಅಳಿಯ ಕಳಿಸುತ್ತಿದ್ದ. ಅವರಿಂದ ದಿನವೂ ಅದೇ ಉತ್ತರ: "ಬಣ್ಣ ಚೆನ್ನಾಗಿದೆ, ಹಾಲು ಕೊಡ್ತಾ ಇರಿ."

ಮೊದಲು ನನಗೆ ಆ ಸಿಸ್ಟರ್ ಮೇಲೇ ಅನುಮಾನ ಬಂತು. ನೋಡದೇ ಬರೆಯುತ್ತಾರೇನೋ. ನಾನೂ ಕೆಲವು ಸಲ ಮುಖ ನೋಡಿಯೇ ಟಿಕೆಟ್‌ಗೆ ತೂತು ಹೊಡೆದಿದ್ದುಂಟು. "ಎಲ್ಲಿ, ಆ ಫೋಟೋ ನಾನೂ ನೋಡ್ತೀನಿ," ಎಂದೆ. ಅಳಿಯ ಅದನ್ನು ಅವಳಿಗೂ ಕಳಿಸುತ್ತಿದ್ದ, ಮಗಳು ತನ್ನ ಫೋನ್ ಕೊಟ್ಟಳು.

ಫೋಟೋದಲ್ಲಿ ಬಿಳಿ ಟವೆಲ್ ಮೇಲೆ ಒಂದು ಮಗು ಮಲಗಿತ್ತು. ಕೆನ್ನೆಯಲ್ಲಿ ಗುಲಾಬಿ ಕಳೆ, ಅಂಗೈ ಕೆಂಪು, ನೋಡಿದರೆ ದೃಷ್ಟಿಯಾಗುವಂತಿತ್ತು. ನನ್ನ ಕೈಯಲ್ಲಿದ್ದ ಪ್ಯಾಸೆಂಜರ್ ಅದಲ್ಲ.

ಇಲ್ಲಿ ನನ್ನ ಅಳಿಯನ ಬಗ್ಗೆ ಹೇಳಬೇಕು. ಮನೆಯ ಕೆಳಗೇ ಅವನ ಫೋಟೋ ಸ್ಟುಡಿಯೋ. ಹಸುಗೂಸುಗಳ ಫೋಟೋ ತೆಗೆಯುವುದರಲ್ಲಿ ಎತ್ತಿದ ಕೈ. ಗೋಡೆಯ ತುಂಬ ಬುಟ್ಟಿಯಲ್ಲಿ, ಕಂಬಳಿಯಲ್ಲಿ, ಅಪ್ಪನ ಅಂಗೈಯಲ್ಲಿ ಮಲಗಿದ ಮಕ್ಕಳು. ಮಾತು ಕಡಿಮೆ, ಕೆಲಸ ಅಚ್ಚುಕಟ್ಟು, ಮುಖದಲ್ಲಿ ಸದಾ ಒಂದು ಸಣ್ಣ ನಗು. ಇಂಥವರ ಮೇಲೆ ನನಗೆ ಮೊದಲಿನಿಂದಲೂ ಒಂದು ಕಣ್ಣು. ಜಗಳ ಆಡದ ಗಂಡಸು ಏನನ್ನೋ ಬಚ್ಚಿಟ್ಟಿರುತ್ತಾನೆ ಎನ್ನುವುದು ನನ್ನ ಲೆಕ್ಕ. ಹೆರಿಗೆಯ ದಿನ ಮಗಳಿಗೆ ರಕ್ತ ಹೋಗಿ ಅವಳನ್ನು ಒಳಗೆ ಒಯ್ದಾಗ ಅವನು ಆಸ್ಪತ್ರೆಯ ಮೊಗಸಾಲೆಯಲ್ಲಿ ಗೋಡೆ ಹಿಡಿದು ಕೂತುಬಿಟ್ಟಿದ್ದ. "ಇನ್ನು ಈ ಕಟ್ಟಡಕ್ಕೆ ಕಾಲಿಡಲ್ಲ ಅತ್ತೆ," ಎಂದಿದ್ದ. ಆ ಮಾತನ್ನು ನಾನು ಮರೆತಿರಲಿಲ್ಲ.

ಅವನು ಫೋಟೋವನ್ನು ಫೋನಿನಲ್ಲಿ ತೆಗೆಯುತ್ತಿರಲಿಲ್ಲ. ಬೆಳಿಗ್ಗೆ ಬಿಸಿಲೇರುವ ಮೊದಲೇ ದೊಡ್ಡ ಕ್ಯಾಮೆರಾ ತಂದು ತೆಗೆದು, ಕೆಳಗೆ ಹೋಗಿ, ಕಂಪ್ಯೂಟರ್ ಮುಂದೆ ಬಹಳ ಹೊತ್ತು ಕೂತು, ಆಮೇಲೆ ಕಳಿಸುತ್ತಿದ್ದ. ಒಂದು ಫೋಟೋ ಕಳಿಸಲು ಅಷ್ಟು ಹೊತ್ತು ಏಕೆ ಬೇಕು? ನನ್ನ ತಲೆಯಲ್ಲಿ ಒಂದಕ್ಕೊಂದು ಕೂಡಿಕೊಂಡವು. ರೈಲಿನಲ್ಲಿ ಇದು ದಿನನಿತ್ಯದ ಮೋಸ. ಬೇರೆಯವರ ಪಾಸು ಹಿಡಿದು ಪ್ರಯಾಣ ಮಾಡುವುದು, ಕೇಳಿದರೆ ಫೋಟೋ ಹಳೇದು ಮೇಡಂ ಎನ್ನುವುದು. ನಮ್ಮ ಮಗುವಿನ ಹೆಸರಿನಲ್ಲಿ ಯಾರದೋ ಮಗುವಿನ ಫೋಟೋ ಹೋಗುತ್ತಿದೆ. ಆಸ್ಪತ್ರೆಯಿಂದ ಕರೆ ಬರಬಾರದು, ಹೆಂಡತಿಯನ್ನು ಮತ್ತೆ ಅಲ್ಲಿಗೆ ಒಯ್ಯಬಾರದು, ಅದಕ್ಕೆ. ಕೆಳಗೆ ಗೋಡೆಯ ತುಂಬ ಮಕ್ಕಳಿರುವಾಗ ಒಂದನ್ನು ಆರಿಸಿಕೊಳ್ಳಲು ಎಷ್ಟು ಹೊತ್ತು?

ಈಗ ಯೋಚಿಸಿದರೆ ಹುಚ್ಚು ಎನ್ನಿಸುತ್ತದೆ. ಆಗ ಹಾಗೆನ್ನಿಸಲಿಲ್ಲ. ಸಿಟ್ಟಿನಿಂದ ಮೈಯೆಲ್ಲ ಉರಿಯುತ್ತಿತ್ತು. ಮಗುವನ್ನು ಟವೆಲಿನಲ್ಲಿ ಸುತ್ತಿಕೊಂಡು ಮೆಟ್ಟಿಲಿಳಿದೆ.

ಅಳಿಯ ಕಂಪ್ಯೂಟರ್ ಮುಂದಿದ್ದ. ನನ್ನನ್ನು ಕಂಡವನೇ ಸ್ಕ್ರೀನಿನ ಮೇಲಿದ್ದುದನ್ನು ಮುಚ್ಚಿ ಎದ್ದು ನಿಂತ. ಮುಚ್ಚಿದ್ದು ಯಾವುದೋ ಗಿರಾಕಿಯ ಫೋಟೋ ಎಂದು ಆಮೇಲೆ ತಿಳಿಯಿತು. ಆ ಗಳಿಗೆಯಲ್ಲಿ ನನಗೆ ಅಷ್ಟೇ ಸಾಕ್ಷಿ ಸಾಕಾಯಿತು.

"ಅಳಿಯಂದ್ರೆ, ದಿನಾ ಸಿಸ್ಟರ್‌ಗೆ ಕಳಿಸ್ತೀರಲ್ಲ, ಅದು ಯಾರ ಮಗು?"

ಅವನಿಗೆ ಅರ್ಥವಾಗಲಿಲ್ಲ. "ಯಾರ ಮಗು ಅಂದ್ರೆ?"

"ನನ್ನ ಕೈಲಿರೋದಂತೂ ಅಲ್ಲ. ಇಷ್ಟು ವರ್ಷ ಸಾವಿರಾರು ಮುಖ, ಸಾವಿರಾರು ಪಾಸು ನೋಡಿದ್ದೀನಿ. ನನ್ನ ಕಣ್ಣಿಗೆ ಮಣ್ಣೆರಚಬೇಡಿ."

ಆ ಸಣ್ಣ ನಗು ಹೋಯಿತು. ಅವನ ಮುಖ ಕಪ್ಪಿಟ್ಟಿತು. ಆದರೂ ದನಿ ಏರಿಸದೆ, "ಕೂತ್ಕೊಳ್ಳಿ ಅತ್ತೆ," ಎಂದು ಕುರ್ಚಿ ಎಳೆದುಕೊಟ್ಟ. ಕಂಪ್ಯೂಟರಿನಲ್ಲಿ ಅದೇ ಗುಲಾಬಿ ಮಗುವಿನ ಫೋಟೋ ತೆರೆದ. ಕಿವಿಯ ಹತ್ತಿರ ದೊಡ್ಡದು ಮಾಡಿದ. ಎಡಗಿವಿಯ ಮುಂದೆ ಸೂಜಿ ಚುಚ್ಚಿದಷ್ಟು ಸಣ್ಣ ಕುಳಿ. ನನ್ನ ತೋಳಿನಲ್ಲಿದ್ದವನ ಎಡಗಿವಿ ನೋಡಿದೆ. ಅದೇ ಕುಳಿ, ಅದೇ ಜಾಗ.

"ನಿಮ್ಮ ಮೊಮ್ಮಗನೇ," ಎಂದ.

ನಾಲಿಗೆ ಕಚ್ಚಿಕೊಳ್ಳಬೇಕಾದ ಸಮಯ. ಕಚ್ಚಿಕೊಂಡೆ ಕೂಡ. ಆದರೆ ನನ್ನ ಅನುಮಾನ ನಾಚಿಕೆ ಬಿಟ್ಟದ್ದು, ಒಂದು ಬಾಗಿಲು ಮುಚ್ಚಿದರೆ ಇನ್ನೊಂದರಿಂದ ಬರುತ್ತದೆ.

"ಸರಿ, ಇವನೇ. ಹಾಗಾದ್ರೆ ಬಣ್ಣ ಯಾಕೆ ಬೇರೆ?"

"ಬಣ್ಣ ನಾನು ಸರಿ ಮಾಡಿದ್ದು. ಮೇಲೆ ಆ ಪರದೆ ಹಳದಿ ಹೊಡೆಯುತ್ತಲ್ಲ. ಹಾಗೇ ಕಳಿಸಿದ್ರೆ ಸಿಸ್ಟರ್‌ಗೆ ಸರಿಯಾಗಿ ಗೊತ್ತಾಗಲ್ಲ. ಅದಕ್ಕೆ ಹಳದಿ ತೆಗೆದು..."

ಮಾತು ಅಲ್ಲಿಗೆ ನಿಂತಿತು. ಅವನ ಕೈ ಮೌಸಿನ ಮೇಲೇ ಇತ್ತು. ಆಮೇಲೆ ಅವನು ಇನ್ನೊಂದು ಫೋಟೋ ತೆರೆದ. ಕ್ಯಾಮೆರಾದಿಂದ ಬಂದದ್ದು ಬಂದ ಹಾಗೆ, ಇನ್ನೂ ಏನೂ ಮಾಡದ್ದು. ಎರಡನ್ನೂ ಅಕ್ಕಪಕ್ಕ ಇಟ್ಟ. ಬಹಳ ಹೊತ್ತು ನೋಡಿದ. ಅವನು ಮಗುವನ್ನು ನೋಡುತ್ತಿರಲಿಲ್ಲ. ಟವೆಲನ್ನು ನೋಡುತ್ತಿದ್ದ.

"ಅತ್ತೆ, ಈ ಟವೆಲ್ ಯಾವ ಬಣ್ಣ?"

"ಬಿಳಿ. ನಾನೇ ಒಗೆದದ್ದು."

"ಇಲ್ಲಿ ನೋಡಿ."

ಗುಲಾಬಿ ಮಗುವಿನ ಕೆಳಗೆ ಟವೆಲ್ ನೀಲಿಗೆ ತಿರುಗಿತ್ತು. ನೀಲಿ ಹಾಕಿ ಹೆಚ್ಚಾದ ಬಟ್ಟೆಯ ಹಾಗೆ. ಇನ್ನೊಂದರಲ್ಲಿ ಟವೆಲಿಗೆ ಪರದೆಯ ಹಳದಿ ಒಂದು ಚೂರು ತಾಗಿತ್ತು, ಅಷ್ಟೇ, ಹೆಚ್ಚುಕಡಿಮೆ ಬೆಳ್ಳಗೇ ಇತ್ತು. ಮಗು ಮಾತ್ರ ಹಣ್ಣೆಲೆಯಂತೆ ಹಳದಿ.

"ಗಿರಾಕಿಗಳು ಚರ್ಮ ನೋಡ್ತಾರೆ," ಎಂದ ಅವನು ನನಗೆ ಹೇಳುವಂತೆಯೂ ಅಲ್ಲದೆ. "ಯಾವ ಮಗು ಬಂದ್ರೂ ಮೊದಲು ಚರ್ಮದಿಂದ ಹಳದಿ ತೆಗೀತೀನಿ. ಯೋಚನೆ ಮಾಡೋದೇ ಇಲ್ಲ, ಕೈ ತಾನೇ ತೆಗೆಯುತ್ತೆ. ಪರದೆಯ ಹಳದಿ ಆಗಿದ್ರೆ ಟವೆಲ್‌ಗೂ ಅಷ್ಟೇ ಇರಬೇಕಿತ್ತು. ಟವೆಲ್ ನೋಡ್ಲೇ ಇಲ್ಲ ನಾನು."

ಎದ್ದು ಹೋಗಿ ಸ್ಟುಡಿಯೋದ ದೊಡ್ಡ ದೀಪ ಹಾಕಿದ. ಅಲ್ಲಿಯ ಬೆಳಕು ಸುಳ್ಳು ಹೇಳುವುದಿಲ್ಲ ಎಂದು ಅವನೇ ಎಷ್ಟೋ ಸಲ ಜಂಬ ಕೊಚ್ಚಿದ್ದ. ಮಗುವನ್ನು ನನ್ನ ಕೈಯಿಂದ ತೆಗೆದುಕೊಂಡು, ಹೆಬ್ಬೆರಳಿಂದ ರೆಪ್ಪೆಯನ್ನು ಮೆಲ್ಲಗೆ ಮೇಲೆತ್ತಿದ. ಕಣ್ಣಿನ ಬಿಳಿ ಬಿಳಿಯಾಗಿರಲಿಲ್ಲ. ಅಷ್ಟು ಬೆಳಕಿಗೂ ಮಗು ಮುಖ ತಿರುಗಿಸಲಿಲ್ಲ.

"ಅತ್ತೆ, ನಡೀರಿ," ಎಂದ. ಕಾಲಿಡುವುದಿಲ್ಲ ಎಂದಿದ್ದ ಕಟ್ಟಡಕ್ಕೆ ನಮ್ಮೆಲ್ಲರಿಗಿಂತ ಮೊದಲು ಓಡಿದವನು ಅವನೇ. ಮಗಳು ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದು, ಟ್ಯಾಕ್ಸಿಯಲ್ಲಿ ಇಡೀ ದಾರಿ ಮಗುವಿನ ಬಾಯಿಗೆ ಮೊಲೆ ಹಿಡಿದೇ ಇದ್ದಳು. ಅವನು ಕುಡಿಯಲಿಲ್ಲ.

ಆಸ್ಪತ್ರೆಯಲ್ಲಿ ಹಿಮ್ಮಡಿಯಿಂದ ರಕ್ತ ತೆಗೆದರು. ಆಗ ಅತ್ತ. ಆದರೆ ಅದು ಮೊದಲ ದಿನದ ಅಳುವಲ್ಲ, ತೆಳ್ಳಗೆ ಕೀರಲು. ಮಕ್ಕಳ ಡಾಕ್ಟರು ವಯಸ್ಸಿನಲ್ಲಿ ನನ್ನ ಮಗಳಷ್ಟೇ. ವರದಿ ನೋಡಿದಾಗ ಆಕೆಯ ಮುಖ ಬದಲಾದದ್ದನ್ನು ನಾನು ಗಮನಿಸಿದೆ. ಕೂಡಲೇ ಇಬ್ಬರು ನರ್ಸುಗಳಿಗೆ ಏನೋ ಹೇಳಿದರು. ಅವರು ಮಗುವಿನ ಬಟ್ಟೆ ಬಿಚ್ಚಿ, ಕಣ್ಣಿಗೆ ಪಟ್ಟಿ ಕಟ್ಟಿ, ಗಾಜಿನ ಪೆಟ್ಟಿಗೆಯೊಳಗೆ ನೀಲಿ ಬೆಳಕಿನ ಕೆಳಗೆ ಮಲಗಿಸಿದರು.

ನಾನು ಡಾಕ್ಟರ ದಾರಿಗೆ ಅಡ್ಡ ನಿಂತೆ. ಬೆಳಕು ಒಂದು ಸಲ ನಮಗೆ ಮೋಸ ಮಾಡಿದ್ದು ಸಾಕಾಗಿತ್ತು.

"ದೀಪ ಹಾಕಿದ್ರೆ ಕಾಮಾಲೆ ಹೋಗುತ್ತಾ? ಹಾಗಾದ್ರೆ ನಾನೇ ಬಿಸಿಲಿಗೆ ಹಿಡೀತಿದ್ದೆನಲ್ಲ."

"ಬಿಸಿಲು ಬೇರೆ, ಇದು ಬೇರೆ ಅಮ್ಮ. ಬಿಸಿಲಿಗೆ ಹಿಡಿದು ಕೂತಿದ್ರೆ ಇನ್ನೂ ತಡ ಆಗ್ತಿತ್ತು." ಆಕೆ ಅವಸರದಲ್ಲಿದ್ದರೂ ನಿಂತು ಹೇಳಿದರು. "ರಕ್ತದಲ್ಲಿರೋ ಕೆಂಪು ಕಣಗಳು ಹಳೇದಾಗಿ ಒಡೀತವೆ. ಆಗ ಬಿಲಿರುಬಿನ್ ಅಂತ ಹಳದಿ ವಸ್ತು ಬರುತ್ತೆ. ನಮಗೆ ನಿಮಗೆ ಅದನ್ನ ಯಕೃತ್ತು ಶುಚಿ ಮಾಡಿ ಹೊರಗೆ ಹಾಕುತ್ತೆ. ಹಸುಗೂಸಿನ ಯಕೃತ್ತು ಇನ್ನೂ ಕೆಲಸ ಕಲೀತಾ ಇರುತ್ತೆ. ಅದಕ್ಕೇ ಎಷ್ಟೋ ಮಕ್ಕಳಿಗೆ ಸ್ವಲ್ಪ ಹಳದಿ ಬರುತ್ತೆ, ತಾನಾಗೇ ಹೋಗುತ್ತೆ."

"ಇವನದು ಸ್ವಲ್ಪ ಅಲ್ಲ ಅಲ್ವಾ?"

"ಅಲ್ಲ. ಹಾಲು ಕಡಿಮೆ ಆದ್ರೆ ಮಲದಲ್ಲಿ ಹೋಗೋದೂ ಕಡಿಮೆ, ಅದು ಮತ್ತೆ ರಕ್ತಕ್ಕೇ ಸೇರುತ್ತೆ. ಹೆಚ್ಚಾದಷ್ಟೂ ಮಗುಗೆ ಮಂಪರು. ಮಂಪರಾದ್ರೆ ಹಾಲು ಇನ್ನೂ ಕಡಿಮೆ. ಈ ನೀಲಿ ಬೆಳಕು ಆ ವಸ್ತುವನ್ನ ಸುಲಭವಾಗಿ ಹೊರಗೆ ಹೋಗೋ ಹಾಗೆ ಮಾರ್ಪಾಡು ಮಾಡುತ್ತೆ. ಇಳಿಯದೇ ಇದ್ರೆ ರಕ್ತ ಬದಲಾಯಿಸಬೇಕಾಗುತ್ತೆ."

"ಬದಲಾಯಿಸದೇ ಹೋದ್ರೆ?"

ಆಕೆ ನನ್ನ ಹಿಂದೆ ನಿಂತಿದ್ದ ಮಗಳ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು. "ಬಹಳ ಹೆಚ್ಚಾದ್ರೆ ಅದು ಮೆದುಳಿಗೆ ಇಳಿಯುತ್ತೆ. ಮೊದಲು ಪೆಟ್ಟು ಬೀಳೋದು ಹೆಚ್ಚಾಗಿ ಕಿವಿಗೆ."

ಆಗ ಅಳಿಯ ಮುಂದೆ ಬಂದ. "ಫೋಟೋದಲ್ಲಿ ಹಳದಿ ಇತ್ತು ಡಾಕ್ಟ್ರೇ. ಆ ಹಳದೀನ ನಾನೇ ತೆಗೆದು ಕಳಿಸ್ತಿದ್ದೆ."

ಆಕೆಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಬೈಯುತ್ತಾರೆ ಎಂದುಕೊಂಡೆ, ಬೈಯಲಿ ಎಂದೂ ಅಂದುಕೊಂಡೆ. "ತೆಗೀದೇ ಕಳಿಸಿದ್ರೂ ಫೋಟೋ ನಂಬಿ ಕೂರಬಾರದಿತ್ತು," ಎಂದರು. "ಎದುರಿಗೆ ಇಟ್ಕೊಂಡು ನೋಡಿದ್ರೇ ನಮ್ಮ ಕಣ್ಣು ತಪ್ಪು ಲೆಕ್ಕ ಹೇಳುತ್ತೆ. ರಕ್ತ ಪರೀಕ್ಷೆ ಒಂದೇ ನಿಜ. ಫೋಟೋಗೆ ಒಪ್ಪಿದ್ದು ನಮ್ಮ ತಪ್ಪೂ ಹೌದು."

ಗಾಜಿನ ಪೆಟ್ಟಿಗೆಯ ಪಕ್ಕದ ಸ್ಟೂಲಿನಿಂದ ಅಳಿಯ ಏಳಲಿಲ್ಲ. ನೀಲಿ ಬೆಳಕಿನಲ್ಲಿ ಮಗುವಿಗೆ ಯಾವ ಬಣ್ಣವೂ ಇರಲಿಲ್ಲ, ನಮ್ಮ ಕೈಗಳಿಗೂ ಇರಲಿಲ್ಲ. ಮಾರನೇ ದಿನ ಹಾಲಿಗೆಂದು ಹೊರತೆಗೆದಾಗ ಚರ್ಮ ಎಷ್ಟು ತಿಳಿಯಾಗಿತ್ತೆಂದರೆ ನಾನು, "ಹೋಯ್ತಲ್ಲ ಹಳದಿ," ಎಂದುಬಿಟ್ಟೆ. ನರ್ಸು ತಲೆಯಾಡಿಸಿದರು. ಬೆಳಕು ಮೊದಲು ಚರ್ಮವನ್ನೇ ತಿಳಿ ಮಾಡುತ್ತದಂತೆ, ರಕ್ತದಲ್ಲಿ ಇನ್ನೂ ಇರಬಹುದಂತೆ. ಅಳಿಯ ನನ್ನ ಕಡೆ ನೋಡಿದ. ಕಣ್ಣನ್ನೇ ನಂಬಿ ಹೊಟ್ಟೆ ಹೊರೆದವರು ನಾವಿಬ್ಬರೂ.

ಅವನ ಮೇಲೆ ನನಗೆ ಸಿಟ್ಟಿತ್ತು, ಸುಳ್ಳು ಹೇಳಲಾರೆ. ಮೋಸ ಮಾಡಿದ್ದಿದ್ದರೆ ಹಿಡಿದು ದಂಡ ಹಾಕಬಹುದಿತ್ತು. ಒಳ್ಳೆಯದಾಗಲೆಂದು ಮಾಡಿದವನನ್ನು ಏನು ಮಾಡುವುದು? ಅನ್ನ ನೀರು ಬಿಟ್ಟು ಕೂತವನ ಕೈಗೆ ಒಂದು ಲೋಟ ಟೀ ಕೊಟ್ಟೆ. "ಕುಡೀರಿ ಅಳಿಯಂದ್ರೆ. ನೀವು ಬಿದ್ರೆ ಎತ್ತೋಕೆ ನನ್ನ ಸೊಂಟದಲ್ಲಿ ಶಕ್ತಿ ಇಲ್ಲ."

ರಕ್ತ ಬದಲಾಯಿಸಬೇಕಾಗಿ ಬರಲಿಲ್ಲ. ಪ್ರತಿ ಪರೀಕ್ಷೆಯಲ್ಲೂ ಬಿಲಿರುಬಿನ್ ಇಳಿಯುತ್ತ ಬಂತು. ಪ್ಯಾಸೆಂಜರ್ ಕಣ್ಣು ಬಿಟ್ಟು ಹಾಲಿಗಾಗಿ ವಾರ್ಡು ಹಾರಿಹೋಗುವಂತೆ ಕಿರುಚಿದ. ಪಕ್ಕದ ಹಾಸಿಗೆಯವರು ಬೇಸರದಿಂದ ತಿರುಗಿ ನೋಡಿದರೆ ನನ್ನ ಮಗಳು ಅಳುತ್ತ ನಗುತ್ತಿದ್ದಳು.

ಮನೆಗೆ ಕಳಿಸುವ ಮೊದಲು ಕಿವಿಯ ಪರೀಕ್ಷೆ ಮಾಡಿದರು. ಮಗು ಮಲಗಿದ್ದಾಗ ಕಿವಿಗೆ ಸಣ್ಣ ಬಿರಡೆ ಸಿಕ್ಕಿಸಿ, ಹಣೆಗೆ ತಂತಿ ಅಂಟಿಸಿ, ಯಂತ್ರ ನೋಡುತ್ತದೆ. ಬಲಗಿವಿ ಸರಿ. ಎಡಗಿವಿಗೆ ಯಂತ್ರ ಉತ್ತರ ಹೇಳಲಿಲ್ಲ. "ಮಗು ಅಲ್ಲಾಡಿದ್ರೂ ಹೀಗಾಗುತ್ತೆ. ಎರಡು ವಾರ ಬಿಟ್ಟು ಬನ್ನಿ," ಎಂದಳು ಪರೀಕ್ಷೆ ಮಾಡುವ ಹುಡುಗಿ.

ಆ ಎರಡು ವಾರ ನಮ್ಮ ಮನೆಯಲ್ಲಿ ಎಲ್ಲರೂ ಕಳ್ಳರಾದರು. ಅಡುಗೆಮನೆಯಲ್ಲಿ ಮಗಳ ಕೈಯಿಂದ ಚಮಚಗಳು ಪದೇ ಪದೇ ಜಾರತೊಡಗಿದವು, ಅದೂ ಮಗುವಿನ ಎಡಗಿವಿ ಮೇಲಿದ್ದಾಗಲೇ. ನಾನು ನನ್ನ ಹಳೆಯ ಪಂಚನ್ನು ಪೆಟ್ಟಿಗೆಯಿಂದ ತೆಗೆದು ಸೆರಗಿನಲ್ಲಿಟ್ಟುಕೊಂಡೆ. ಟಿಕೆಟ್‌ಗೆ ತೂತು ಹೊಡೆಯುವ ಕಬ್ಬಿಣದ ಪಂಚ್ ಅದು. ಅದರ ಸದ್ದಿಗೆ ಇಡೀ ಬೋಗಿ ಎಚ್ಚರವಾಗುತ್ತಿತ್ತು. ಆದರೆ ಪ್ರತಿ ಸಲ ಸೆರಗಿನೊಳಗೆ ಕೈ ಹಾಕಿ ಹಾಗೇ ವಾಪಸ್ ತೆಗೆಯುತ್ತಿದ್ದೆ. ಜೀವಮಾನವೆಲ್ಲ ಚೆಕ್ ಮಾಡಿದವಳಿಗೆ ಆ ಒಂದನ್ನು ಚೆಕ್ ಮಾಡಲು ಧೈರ್ಯ ಬರಲಿಲ್ಲ.

ಒಂದು ಮಧ್ಯಾಹ್ನ ಕೋಣೆಯೊಳಗೆ ಇಣುಕಿದರೆ ಅಳಿಯ ಮಗುವಿನ ತಲೆಯ ಹಿಂದೆ ಮೊಣಕಾಲೂರಿ ಕೂತಿದ್ದ. ಕೈಯಲ್ಲಿ ಕ್ಯಾಮೆರಾ. ಕಣ್ಣಿಗೆ ಹಿಡಿದಿರಲಿಲ್ಲ, ಎಡಗಿವಿಯ ಹತ್ತಿರ ಹಿಡಿದು ಸುಮ್ಮನೆ ಕ್ಲಿಕ್ ಮಾಡುತ್ತಿದ್ದ. ಮತ್ತೆ ಕ್ಲಿಕ್. ಮಗು ತನ್ನ ಪಾಡಿಗೆ ಮಲಗಿತ್ತು. ಅವನ ಗಲ್ಲದಿಂದ ನೀರು ಕ್ಯಾಮೆರಾದ ಮೇಲೆ ಬೀಳುತ್ತಿತ್ತು, ಒರೆಸಿಕೊಳ್ಳುತ್ತಲೂ ಇರಲಿಲ್ಲ. ಆ ಆಸ್ಪತ್ರೆ ದಿನಗಳಿಂದ ಅವನು ಕ್ಯಾಮೆರಾ ಮುಟ್ಟಿದ್ದನ್ನು ನಾನು ನೋಡಿರಲಿಲ್ಲ.

ಇವನ ಮೇಲೆ ಕಣ್ಣಿಟ್ಟು ಕಾದದ್ದೇ ಕಾದದ್ದು, ಇವನು ಬಚ್ಚಿಟ್ಟದ್ದು ಇಷ್ಟೇ.

"ಅದರ ಸದ್ದು ಸಾಲದು," ಎಂದು ಒಳಗೆ ಹೋದೆ. ಅವನು ಬೆಚ್ಚಿ ಎದ್ದ. ನಾನು ಸೆರಗಿನಿಂದ ಪಂಚ್ ತೆಗೆದು, ಮಗುವಿನ ಎಡಗಡೆಗೆ ಹಿಡಿದು, ಉಸಿರು ಬಿಗಿಹಿಡಿದು ಒತ್ತಿದೆ. ಕಟಕ್.

ಪ್ಯಾಸೆಂಜರಿನ ಎರಡೂ ಕೈ ಗಾಳಿಯಲ್ಲಿ ಅಗಲವಾಗಿ ಚಾಚಿದವು. ಮುಖ ಕೆಂಪಾಯಿತು. ಮನೆ ತಲೆಕೆಳಗಾಗುವಂತೆ ಅತ್ತ. ಒಲೆ ಬಿಟ್ಟು ಮಗಳು ಓಡಿಬಂದಳು. ಅಳಿಯ ನೆಲದ ಮೇಲೇ ಕೂತುಬಿಟ್ಟ.

"ಆದ್ರೆ ಸದ್ದು ಬಲಗಿವಿಗೂ ಕೇಳಿಸಿರುತ್ತೆ ಅತ್ತೆ," ಎಂದ ಕೂತಲ್ಲಿಂದಲೇ.

ನಿಜ. ನಾನು ಹೇಳಬೇಕಾದ ಮಾತನ್ನು ಅವನು ಹೇಳಿದ್ದ.

ಎರಡು ವಾರ ಕಳೆದು ಮತ್ತೆ ಹೋದೆವು. ಅದೇ ಹುಡುಗಿ, ಅದೇ ಯಂತ್ರ. ಮಗಳು ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡಳು. ನಾವಿಬ್ಬರೂ ಬಾಗಿಲ ಹತ್ತಿರ ನಿಂತೆವು. ಬಲಗಿವಿಗೆ ಹಸಿರು ದೀಪ. ಎಡಗಿವಿಗೆ ಯಂತ್ರ ಬಹಳ ಹೊತ್ತು ಯೋಚಿಸಿತು. ಆಮೇಲೆ ಅಲ್ಲೂ ಹಸಿರು ದೀಪ ಬಂತು.

"ಎರಡೂ ಸರಿ ಇದೆ," ಎಂದು ಹುಡುಗಿ ತಂತಿ ಬಿಚ್ಚಲು ಕೈ ಹಾಕಿದಳು.

ಮಗಳು ಮಗುವಿನ ತಲೆಗೆ ಮುಖ ಒತ್ತಿಕೊಂಡಳು. ನನಗಂತೂ ಆ ಹಸಿರು ದೀಪದ ಮೇಲೆ ಒಂದಿಷ್ಟೂ ಅನುಮಾನ ಬರಲಿಲ್ಲ, ಅದೇ ನನಗೆ ಆಶ್ಚರ್ಯ. ಅಳಿಯ ಮಾತ್ರ ನಿಂತಲ್ಲಿಂದ ಕದಲದೆ ದೀಪವನ್ನೇ ನೋಡುತ್ತಿದ್ದ.

"ಎಡಗಿವಿ ಇನ್ನೊಂದ್ಸಲ ನೋಡ್ತೀರಾ?" ಎಂದ.

"ಸರಿಯಾಗಿ ಬಂದಿದೆ ಸಾರ್. ಹೊರಗೆ ಇನ್ನೂ ಮಕ್ಕಳು ಕಾಯ್ತಾ ಇದ್ದಾರೆ."

"ಇನ್ನೊಂದೇ ಸಲ."

ಹುಡುಗಿ ನನ್ನ ಕಡೆ ನೋಡಿದಳು, ನೀವಾದರೂ ಹೇಳಿ ಎನ್ನುವ ಹಾಗೆ. ಮನೆಯ ಹಿರಿಯಳು ನಾನು, ಸಮಾಧಾನ ಹೇಳಿ ಅಳಿಯನನ್ನು ಕರೆದುಕೊಂಡು ಹೋಗಬೇಕಿತ್ತು. ನಾನು ಹೋಗಿ ಅವನ ಪಕ್ಕ ನಿಂತೆ.

"ಮಾಡಮ್ಮ," ಎಂದೆ. "ನಾವು ಕಾಯ್ತೀವಿ."